ಹಾವು ಕಚ್ಚಿದರೆ ನಾಲಿಗೆಗೆ ಹನಿ ಔಷಧಿ ಹಾಕಿದರೆ ಸಾಕೇ? ವಾಟ್ಸಾಪ್ ಮೆಸೇಜಿನಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು?

ಮಳೆಗಾಲ ಬಂತೆಂದರೆ ಫ್ಯಾಮಿಲಿ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡಲು ಶುರುವಾಗುತ್ತದೆ. ಅದರ ಸಾರಾಂಶ ಇಷ್ಟು: ನಮ್ಮಲ್ಲಿರುವ ಹಾವುಗಳಲ್ಲಿ ವಿಷದ ಹಾವುಗಳು ಬೆರಳೆಣಿಕೆಯಷ್ಟು ಮಾತ್ರ. ಹಾವು ಕಚ್ಚಿ ಸಾಯುವವರಲ್ಲಿ ಹೆಚ್ಚಿನವರು ಸಾಯುವುದು ವಿಷದಿಂದಲ್ಲ, ಹೆದರಿಕೆಯಿಂದ. ಆದ್ದರಿಂದ ‘ನಾಜಾ 200’ ಎಂಬ ಹೋಮಿಯೋಪತಿ ಔಷಧಿಯ ಸಣ್ಣ ಬಾಟಲಿಯನ್ನು ಮನೆಯಲ್ಲಿ ಇಟ್ಟುಕೊಳ್ಳಿ, ಕಚ್ಚಿದ ಕೂಡಲೇ ನಾಲಿಗೆಗೆ ಹನಿ ಹಾಕಿ, ರೋಗಿ ಉಳಿಯುತ್ತಾನೆ. ಕೊನೆಗೆ ಎಂದಿನಂತೆ, ಒಂದು ಜೀವ ಉಳಿಸಲು ಎಲ್ಲರಿಗೂ ಕಳಿಸಿ.

ಕಳಿಸುವವರ ಉದ್ದೇಶ ಒಳ್ಳೆಯದೇ. ಊರಿನಲ್ಲಿ ಅಪ್ಪ ಅಮ್ಮ ಇದ್ದಾರೆ, ಮನೆಯಿಂದ ಆಸ್ಪತ್ರೆ ದೂರ, ಕತ್ತಲಲ್ಲಿ ತೋಟಕ್ಕೆ ನೀರು ಬಿಡಲು ಹೋಗುತ್ತಾರೆ ಎಂಬ ಚಿಂತೆ ಇರುವವರೇ ಇದನ್ನು ಹೆಚ್ಚು ಹಂಚುತ್ತಾರೆ. ಆದರೆ ಇದನ್ನು ನಂಬಿ ಆಸ್ಪತ್ರೆಗೆ ಹೋಗಲು ಒಂದೆರಡು ಗಂಟೆ ತಡ ಮಾಡಿದರೆ, ಉಳಿಯಬೇಕಾದ ಜೀವ ಹೋಗಬಹುದು. ಹಾಗಾಗಿ ಈ ಮೆಸೇಜನ್ನು ಒಂದೊಂದೇ ಮಾತಾಗಿ ಬಿಡಿಸಿ ನೋಡೋಣ.

ಹಾವು ಕಚ್ಚಿ ಸಾಯುವವರು ನಿಜಕ್ಕೂ ಎಷ್ಟು ಜನ?

ಭಾರತದಲ್ಲಿ 2000ದಿಂದ 2019ರವರೆಗಿನ 20 ವರ್ಷಗಳಲ್ಲಿ ಹಾವು ಕಚ್ಚಿ ಸುಮಾರು 12 ಲಕ್ಷ ಜನ ಸತ್ತಿದ್ದಾರೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ. ಮನೆ ಮನೆಗೆ ಹೋಗಿ ಸಾವಿನ ಕಾರಣ ವಿಚಾರಿಸಿ ಮಾಡಿದ ಲೆಕ್ಕ ಇದು. ಸತ್ತವರಲ್ಲಿ ಸುಮಾರು ಅರ್ಧದಷ್ಟು ಜನ 30ರಿಂದ 69 ವರ್ಷದವರು, ಅಂದರೆ ಮನೆ ನಡೆಸುವವರು. ಕಾಲು ಭಾಗಕ್ಕಿಂತ ಹೆಚ್ಚು 15 ವರ್ಷದೊಳಗಿನ ಮಕ್ಕಳು. ಅರ್ಧದಷ್ಟು ಸಾವುಗಳು ಜೂನ್‌ನಿಂದ ಸೆಪ್ಟೆಂಬರ್ ನಡುವೆ ಆಗಿವೆ. ಉತ್ತಿ ಬಿತ್ತುವ ಕಾಲವೂ ಅದೇ, ಬಿಲಕ್ಕೆ ನೀರು ನುಗ್ಗಿ ಹಾವು ಹೊರಗೆ ಬರುವ ಕಾಲವೂ ಅದೇ.

ಜಗತ್ತಿನಾದ್ಯಂತ ವರ್ಷಕ್ಕೆ 81 ಸಾವಿರದಿಂದ 1 ಲಕ್ಷ 38 ಸಾವಿರ ಜನ ಹಾವು ಕಚ್ಚಿ ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ ನಮ್ಮ ದೇಶದ ಪಾಲೇ ದೊಡ್ಡದು. 2017ರಲ್ಲಿ ಆ ಸಂಸ್ಥೆ ಹಾವು ಕಡಿತವನ್ನು ‘ನಿರ್ಲಕ್ಷಿತ ಉಷ್ಣವಲಯದ ರೋಗಗಳ’ ಪಟ್ಟಿಗೆ ಸೇರಿಸಿತು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಎಂದು ಆದೇಶ ಮಾಡಿತು. ಇದೆಲ್ಲ ಬರೀ ಹೆದರಿಕೆಯ ಸಾವಾಗಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ.

‘ಸಾಯುವುದು ಹೆದರಿಕೆಯಿಂದ’ ಎಂಬ ಮಾತು ನಿಜವೇ?

ಇದರಲ್ಲಿ ಒಂದು ಚೂರು ನಿಜ ಇದೆ. ಭಾರತದಲ್ಲಿ 300ಕ್ಕೂ ಹೆಚ್ಚು ಜಾತಿಯ ಹಾವುಗಳಿವೆ. ಅವುಗಳಲ್ಲಿ ಹೆಚ್ಚಿನವು ಮನುಷ್ಯನಿಗೆ ಅಪಾಯ ಮಾಡುವಷ್ಟು ವಿಷ ಇಲ್ಲದವು. ಕೇರೆಹಾವು, ನೀರುಹಾವು, ಮಣ್ಣುಮುಕ್ಕ ಇವೆಲ್ಲ ಆ ಗುಂಪಿನವು. ಗಾಬರಿಯಾದರೆ ಎದೆಬಡಿತ ಏರುತ್ತದೆ, ಬೆವರು ಬರುತ್ತದೆ, ತಲೆ ಸುತ್ತುತ್ತದೆ. ಅದನ್ನೇ ವಿಷ ಏರಿತು ಎಂದುಕೊಳ್ಳುವವರೂ ಇದ್ದಾರೆ. ಆದ್ದರಿಂದ ರೋಗಿಗೆ ಧೈರ್ಯ ಹೇಳುವುದು ಒಳ್ಳೆಯದೇ.

ಆದರೆ ವಿಷದ ಹಾವಿನ ವಿಷಕ್ಕೆ ಧೈರ್ಯ ಮದ್ದಲ್ಲ. ನಮ್ಮಲ್ಲಿ ಹೆಚ್ಚಿನ ಸಾವುಗಳಿಗೆ ಕಾರಣ ನಾಲ್ಕು ಹಾವುಗಳು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ. ಇವುಗಳ ವಿಷ ಕೆಲಸ ಮಾಡುವ ರೀತಿಯೇ ಬೇರೆ ಬೇರೆ.

ನಾಗರಹಾವು ಮತ್ತು ಕಟ್ಟುಹಾವಿನ ವಿಷ ಮುಖ್ಯವಾಗಿ ನರಗಳ ಮೇಲೆ ಕೆಲಸ ಮಾಡುತ್ತದೆ. ನರದಿಂದ ಸ್ನಾಯುವಿಗೆ ಹೋಗುವ ಸಂದೇಶ ಅಲ್ಲೇ ನಿಂತುಹೋಗುತ್ತದೆ. ಮೊದಲು ಕಣ್ಣಿನ ರೆಪ್ಪೆ ಜೋತು ಬೀಳುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ಮಾತು ತೊದಲುತ್ತದೆ, ನುಂಗಲು ಕಷ್ಟವಾಗುತ್ತದೆ. ಕೊನೆಗೆ ಉಸಿರಾಡುವ ಸ್ನಾಯುಗಳೇ ಕೆಲಸ ನಿಲ್ಲಿಸುತ್ತವೆ. ನಾಗರಹಾವು ಕಚ್ಚಿದ ಜಾಗ ಊದಿಕೊಂಡು ಅಲ್ಲಿನ ಮಾಂಸ ಕೊಳೆಯಲೂಬಹುದು.

ಕೊಳಕುಮಂಡಲ ಮತ್ತು ಗರಗಸಮಂಡಲದ ವಿಷ ರಕ್ತದ ಮೇಲೆ ಕೆಲಸ ಮಾಡುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳನ್ನೆಲ್ಲ ಅದು ಒಂದೇ ಸಲಕ್ಕೆ ಖರ್ಚು ಮಾಡಿಬಿಡುತ್ತದೆ. ಆಮೇಲೆ ಸಣ್ಣ ಗಾಯದಿಂದಲೂ, ವಸಡಿನಿಂದಲೂ ರಕ್ತ ಸೋರುತ್ತದೆ, ಮೂತ್ರದಲ್ಲೂ ರಕ್ತ ಕಾಣಿಸಬಹುದು. ಕೊಳಕುಮಂಡಲ ಕಚ್ಚಿದವರಲ್ಲಿ ಎಷ್ಟೋ ಜನರಿಗೆ ಕಿಡ್ನಿ ಕೈಕೊಟ್ಟು ಡಯಾಲಿಸಿಸ್ ಬೇಕಾಗುತ್ತದೆ.

ಕಟ್ಟುಹಾವಿನ ವಿಷಯವಂತೂ ಹೆದರಿಕೆಯ ಮಾತನ್ನು ಪೂರ್ತಿ ಸುಳ್ಳು ಮಾಡುತ್ತದೆ. ಕಪ್ಪಗೆ ಹೊಳೆಯುವ ಮೈಮೇಲೆ ತೆಳ್ಳನೆಯ ಬಿಳಿ ಪಟ್ಟಿಗಳಿರುವ ಹಾವು ಇದು. ರಾತ್ರಿ ಹೊತ್ತು ಓಡಾಡುತ್ತದೆ. ನೆಲದ ಮೇಲೆ ಮಲಗಿದವರ ಹಾಸಿಗೆಗೂ ಬರುತ್ತದೆ. ಕಚ್ಚಿದರೆ ಎಷ್ಟೋ ಸಲ ನೋವೇ ಆಗುವುದಿಲ್ಲ, ಊತವೂ ಇರುವುದಿಲ್ಲ, ಹಲ್ಲಿನ ಗುರುತೂ ಸರಿಯಾಗಿ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ಗಂಟಲು ನೋವು, ವಾಂತಿ ಎಂದು ಏಳುತ್ತಾರೆ. ಮನೆಯವರು ಗ್ಯಾಸ್ಟ್ರಿಕ್ ಎಂದುಕೊಂಡು ಮಾತ್ರೆ ಕೊಡುತ್ತಾರೆ. ಅಷ್ಟರಲ್ಲಿ ರೆಪ್ಪೆ ಜೋತು ಬಿದ್ದಿರುತ್ತದೆ. ಹಾವು ಕಚ್ಚಿದ್ದೇ ಗೊತ್ತಿಲ್ಲದ ಮನುಷ್ಯ ಹಾವಿಗೆ ಹೆದರಿ ಸತ್ತ ಎಂದು ಹೇಳುವುದಾದರೂ ಹೇಗೆ?

‘ನಾಜಾ 200’ರಲ್ಲಿ ಏನಿದೆ?

ನಾಜಾ ಎಂದರೆ ನಾಗರಹಾವಿನ ವೈಜ್ಞಾನಿಕ ಹೆಸರಿನ ಭಾಗ. ಹಾವಿನ ವಿಷಕ್ಕೆ ಹಾವಿನ ವಿಷವೇ ಮದ್ದು ಎಂಬ ಮಾತು ಕೇಳಲು ಸರಿ ಎನ್ನಿಸುತ್ತದೆ. ಆದರೆ 200 ಎಂಬ ಸಂಖ್ಯೆ ಹೇಳುವುದು ಅದನ್ನು ಎಷ್ಟು ಸಲ ತೆಳು ಮಾಡಿದ್ದಾರೆ ಎಂಬುದನ್ನು.

ಒಂದು ಹನಿ ವಿಷವನ್ನು 99 ಹನಿ ಆಲ್ಕೋಹಾಲ್‌ನಲ್ಲಿ ಬೆರೆಸಿದರೆ ಒಂದು ಸುತ್ತು. ಅದರಿಂದ ಒಂದು ಹನಿ ತೆಗೆದು ಮತ್ತೆ 99 ಹನಿಯಲ್ಲಿ ಬೆರೆಸಿದರೆ ಎರಡನೇ ಸುತ್ತು. ಹೀಗೆ 200 ಸುತ್ತು. ಪ್ರತಿ ಸುತ್ತಿನಲ್ಲೂ ವಿಷ ನೂರರಲ್ಲಿ ಒಂದು ಪಾಲಾಗುತ್ತದೆ. ಸುಮಾರು 12 ಸುತ್ತು ಮುಗಿಯುವ ಹೊತ್ತಿಗೇ ಮೂಲ ವಸ್ತುವಿನ ಒಂದು ಅಣುವೂ ಉಳಿದಿರುವ ಸಾಧ್ಯತೆ ಇಲ್ಲದಷ್ಟು ಕಡಿಮೆಯಾಗುತ್ತದೆ. 200 ಸುತ್ತಾದ ಮೇಲೆ ವಿಷ ಎಷ್ಟು ತೆಳುವಾಗಿರುತ್ತದೆ ಎಂದು ಬರೆಯಬೇಕಾದರೆ 1ರ ಮುಂದೆ 400 ಸೊನ್ನೆ ಹಾಕಬೇಕು. ಅಂದರೆ ಆ ಬಾಟಲಿಯಲ್ಲಿ ಉಳಿದಿರುವುದು ಬರೀ ಆಲ್ಕೋಹಾಲ್ ಮತ್ತು ನೀರು.

ಹಾಗಾದರೆ ಅದರಲ್ಲಿ ಸ್ವಲ್ಪ ವಿಷ ಉಳಿದಿದ್ದರೆ ಕೆಲಸ ಮಾಡುತ್ತಿತ್ತೇ? ಆಗಲೂ ಇಲ್ಲ. ವಿಷವನ್ನು ವಿಷ ಕೊಲ್ಲುವುದಿಲ್ಲ. ವಿಷವನ್ನು ಹಿಡಿದು ನಿಷ್ಕ್ರಿಯ ಮಾಡುವುದು ಪ್ರತಿಕಾಯ ಎಂಬ ಪ್ರೋಟೀನು. ಅದು ದೇಹದಲ್ಲಿ ತಯಾರಾಗಲು ವಾರಗಳು ಬೇಕು. ಹಾವು ಕಚ್ಚಿದವರ ಕೈಯಲ್ಲಿ ಇರುವುದು ಗಂಟೆಗಳು ಮಾತ್ರ.

ಹಾಗಾದರೆ ನಿಜವಾದ ಮದ್ದು ಎಲ್ಲಿಂದ ಬರುತ್ತದೆ?

ವಾರಗಳ ಆ ಕೆಲಸವನ್ನು ನಮ್ಮ ಪರವಾಗಿ ಮೊದಲೇ ಮಾಡಿ ಇಟ್ಟಿರುವುದು ಕುದುರೆಗಳು. 1890ರ ದಶಕದಲ್ಲಿ ಫ್ರಾನ್ಸಿನ ವಿಜ್ಞಾನಿ ಆಲ್ಬರ್ಟ್ ಕಾಲ್ಮೆಟ್ ಈ ದಾರಿ ತೋರಿಸಿದರು. ಕುದುರೆಗೆ ತೊಂದರೆಯಾಗದಷ್ಟು ಸಣ್ಣ ಪ್ರಮಾಣದಲ್ಲಿ ಹಾವಿನ ವಿಷವನ್ನು ಚುಚ್ಚಿ, ನಿಧಾನವಾಗಿ ಪ್ರಮಾಣ ಹೆಚ್ಚಿಸುತ್ತಾ ಹೋಗುತ್ತಾರೆ. ಕುದುರೆಯ ರಕ್ತದಲ್ಲಿ ಪ್ರತಿಕಾಯ ತುಂಬಿದ ಮೇಲೆ ಸ್ವಲ್ಪ ರಕ್ತ ತೆಗೆದು, ಅದರಿಂದ ಪ್ರತಿಕಾಯವನ್ನು ಬೇರ್ಪಡಿಸಿ, ಶುದ್ಧ ಮಾಡಿ ಪುಡಿಯಾಗಿ ಬಾಟಲಿಗೆ ತುಂಬುತ್ತಾರೆ. ಇದೇ ಆಂಟಿವೆನಮ್. ಆಸ್ಪತ್ರೆಯವರು ಎಎಸ್‌ವಿ ಎನ್ನುತ್ತಾರೆ.

ನಮ್ಮ ದೇಶದ ಆಂಟಿವೆನಮ್‌ಗೆ ಬೇಕಾದ ವಿಷದ ಬಹುಪಾಲು ಬರುವುದು ಚೆನ್ನೈ ಹತ್ತಿರದ ಇರುಳ ಸಮುದಾಯದವರ ಸಹಕಾರ ಸಂಘದಿಂದ. 1978ರಲ್ಲಿ ಶುರುವಾದ ಸಂಘ ಅದು. ಒಂದು ಕಾಲದಲ್ಲಿ ಚರ್ಮಕ್ಕಾಗಿ ಹಾವು ಹಿಡಿಯುತ್ತಿದ್ದವರು ಇಂದು ಹಾವು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಬೀದರ್‌ನಿಂದ ಚಾಮರಾಜನಗರದವರೆಗೆ ಯಾವ ತಾಲ್ಲೂಕು ಆಸ್ಪತ್ರೆಯಲ್ಲಿ ಹಾವು ಕಚ್ಚಿದವರು ಬದುಕಿ ಮನೆಗೆ ಬಂದರೂ ಅದರ ಹಿಂದೆ ಇವರ ಕೈಕೆಲಸ ಇರುವ ಸಾಧ್ಯತೆ ಹೆಚ್ಚು.

ಈ ಔಷಧಿ ಮೇಲೆ ಹೇಳಿದ ನಾಲ್ಕೂ ಹಾವುಗಳ ವಿಷಕ್ಕೆ ಕೆಲಸ ಮಾಡುತ್ತದೆ. ಹಾಗಾಗಿ ಕಚ್ಚಿದ ಹಾವನ್ನು ಹೊಡೆದು ಚೀಲದಲ್ಲಿ ಆಸ್ಪತ್ರೆಗೆ ತರಬೇಕಾಗಿಲ್ಲ. ವೈದ್ಯರು ಲಕ್ಷಣ ನೋಡಿ ಚಿಕಿತ್ಸೆ ಶುರು ಮಾಡುತ್ತಾರೆ. ಗಾಜಿನ ಟ್ಯೂಬಿನಲ್ಲಿ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು, ಹೆಪ್ಪುಗಟ್ಟಿತೇ ಇಲ್ಲವೇ ಎಂದು ನೋಡುತ್ತಾರೆ. ಹೆಪ್ಪುಗಟ್ಟದಿದ್ದರೆ ಮಂಡಲದ ಹಾವಿನ ವಿಷ ಏರಿದೆ ಎಂದು ಅರ್ಥ.

ಇನ್ನೊಂದು ವಿಷಯ. ಮಕ್ಕಳಿಗೂ ದೊಡ್ಡವರಷ್ಟೇ ಡೋಸ್ ಕೊಡುತ್ತಾರೆ. ಮಗು ಚಿಕ್ಕದು, ಇಷ್ಟೊಂದು ಯಾಕೆ ಎಂದು ಗಾಬರಿ ಬೀಳಬೇಡಿ. ಹಾವು ಮಗು ಎಂದು ನೋಡಿ ಕಡಿಮೆ ವಿಷ ಬಿಟ್ಟಿರುವುದಿಲ್ಲ. ಔಷಧಿ ಲೆಕ್ಕ ಹಾಕುವುದು ಮೈತೂಕಕ್ಕಲ್ಲ, ಒಳಗೆ ಹೋದ ವಿಷಕ್ಕೆ.

ಆಂಟಿವೆನಮ್ ಪರಿಪೂರ್ಣ ಔಷಧಿ ಎಂದೂ ಹೇಳುವಂತಿಲ್ಲ. ಕುದುರೆಯ ಪ್ರೋಟೀನ್ ಆದ್ದರಿಂದ ಕೆಲವರಿಗೆ ತೀವ್ರ ಅಲರ್ಜಿಯಾಗುತ್ತದೆ. ಅದಕ್ಕೇ ಅದನ್ನು ಆಸ್ಪತ್ರೆಯಲ್ಲಿ, ಪಕ್ಕದಲ್ಲಿ ಅಡ್ರಿನಲಿನ್ ಇಟ್ಟುಕೊಂಡೇ ಕೊಡಬೇಕು. ಮಲೆನಾಡಿನ ತೋಟಗಳಲ್ಲಿ ಸಿಗುವ, ಮೂಗಿನ ಮೇಲೆ ಉಬ್ಬಿರುವ ಗುಳಿಮಂಡಲದ ವಿಷಕ್ಕೆ ಇದು ಕೆಲಸ ಮಾಡುವುದಿಲ್ಲ. ಅದಲ್ಲದೆ ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಒಂದು ಕಡೆಯ ವಿಷದಿಂದ ಮಾಡಿದ ಔಷಧಿ ಇನ್ನೊಂದು ಕಡೆ ಅಷ್ಟು ಚೆನ್ನಾಗಿ ಕೆಲಸ ಮಾಡದಿರಬಹುದು. ಇದನ್ನು ಸುಧಾರಿಸುವ ಪ್ರಯತ್ನ ನಡೆಯುತ್ತಿದೆ. ಇಷ್ಟೆಲ್ಲ ಕೊರತೆ ಇದ್ದರೂ, ಮೈಯೊಳಗೆ ಹೋದ ವಿಷವನ್ನು ಹಿಡಿದು ನಿಲ್ಲಿಸಲು ಇಂದು ನಮ್ಮ ಕೈಯಲ್ಲಿರುವ ಮದ್ದು ಇದೊಂದೇ.

ಮತ್ತೆ ಮಂತ್ರ, ನಾಟಿ ಔಷಧಿಯಿಂದ ಉಳಿದವರು ಇದ್ದಾರಲ್ಲ?

ಇದು ಎಲ್ಲರೂ ಕೇಳುವ ಪ್ರಶ್ನೆ, ಕೇಳಲೇಬೇಕಾದ ಪ್ರಶ್ನೆ. ನಮ್ಮ ದೊಡ್ಡಪ್ಪನಿಗೆ ಹಾವು ಕಚ್ಚಿತ್ತು, ಪಕ್ಕದೂರಿನವರು ಬೇರು ಅರೆದು ಕೊಟ್ಟರು, ಉಳಿದರು ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಉಳಿದದ್ದು ನಿಜ. ಉಳಿಸಿದ್ದು ಯಾವುದು ಎಂಬುದಷ್ಟೇ ಪ್ರಶ್ನೆ.

ಲೆಕ್ಕಕ್ಕೆ ಒಂದು ಉದಾಹರಣೆ ತೆಗೆದುಕೊಳ್ಳಿ. ಒಬ್ಬ ನಾಟಿ ವೈದ್ಯರ ಬಳಿಗೆ ಹಾವು ಕಚ್ಚಿದ 100 ಜನ ಬರುತ್ತಾರೆ ಎಂದಿಟ್ಟುಕೊಳ್ಳಿ. ಅವರಲ್ಲಿ 70 ಜನರಿಗೆ ಕಚ್ಚಿದ್ದು ವಿಷವಿಲ್ಲದ ಹಾವು ಎಂದುಕೊಳ್ಳೋಣ. ಇನ್ನು 30 ಜನರಿಗೆ ವಿಷದ ಹಾವು ಕಚ್ಚಿದೆ. ಆದರೆ ವಿಷದ ಹಾವು ಕಚ್ಚಿದಾಗಲೆಲ್ಲ ವಿಷ ಬಿಡುವುದಿಲ್ಲ. ಅದಕ್ಕೆ ವಿಷ ಬೇಕಿರುವುದು ಇಲಿ ಕಪ್ಪೆ ಹಿಡಿಯಲು. ಮನುಷ್ಯನಿಗೆ ಎಷ್ಟೋ ಸಲ ಬರೀ ಹಲ್ಲು ಊರಿ ಎಚ್ಚರಿಕೆ ಕೊಟ್ಟು ಹೋಗುತ್ತದೆ. ಆ 30ರಲ್ಲಿ 15 ಜನರಿಗೆ ಹೀಗೆ ಒಣ ಕಡಿತ ಆಗಿದ್ದರೆ, ನಿಜವಾಗಿ ವಿಷ ಏರಿದವರು 15 ಜನ ಮಾತ್ರ. ಉಳಿದ 85 ಜನ ಬೇರು ಕುಡಿದರೂ ಉಳಿಯುತ್ತಿದ್ದರು, ಮಜ್ಜಿಗೆ ಕುಡಿದರೂ ಉಳಿಯುತ್ತಿದ್ದರು. ಆದರೆ ಊರಿನಲ್ಲಿ ಸುದ್ದಿಯಾಗುವುದು ನೂರಕ್ಕೆ 85 ಜನರನ್ನು ಉಳಿಸಿದ ಕೈಗುಣ ಎಂದೇ.

ಆ 15 ಜನರ ಗತಿ ಏನು? ಅವರಲ್ಲಿ ಕೆಲವರು ಆಸ್ಪತ್ರೆ ತಲುಪುವಾಗ ತಡವಾಗಿರುತ್ತದೆ. ಅವರ ಹಣೆಬರಹ ಅಷ್ಟೇ, ಕಾಲ ಕೂಡಿ ಬಂದಿತ್ತು ಎಂದು ಜನ ಸುಮ್ಮನಾಗುತ್ತಾರೆ. ಉಳಿದವರು ತಮ್ಮ ಕಥೆಯನ್ನು ನೂರು ಜನರಿಗೆ ಹೇಳುತ್ತಾರೆ. ಸತ್ತವರು ಹೇಳಲು ಬರುವುದಿಲ್ಲ. ಹೋಮಿಯೋಪತಿ ಹನಿಯ ಮೆಸೇಜಿಗೂ ಇದೇ ಲೆಕ್ಕ.

ನಾಗಪ್ಪನ ಮೇಲಿನ ಭಕ್ತಿಗೂ ಈ ಮಾತಿಗೂ ಜಗಳ ಇಲ್ಲ. ನಾಗರಪಂಚಮಿ ಮಾಡುವ, ನಾಗಬನದ ಮರ ಕಡಿಯದೆ ಕಾಪಾಡಿಕೊಂಡು ಬಂದ ಜನ ನಾವು. ಮಂತ್ರದಲ್ಲಿ ನಂಬಿಕೆ ಇದ್ದರೆ ಆಸ್ಪತ್ರೆಯ ದಾರಿಯಲ್ಲಿ ಗಾಡಿಯಲ್ಲೇ ಹೇಳಲಿ, ಹರಕೆ ಹೊರಲಿ. ಗಾಡಿ ನಿಲ್ಲಬಾರದು ಅಷ್ಟೇ. ನಿಮ್ಮೂರಿನಲ್ಲಿ ವಿಷ ಇಳಿಸುವವರಿದ್ದರೆ ಅವರ ಜೊತೆ ವಾದ ಬೇಡ, ಮೊದಲು ಆಸ್ಪತ್ರೆಗೆ ಕಳಿಸಿ ಎಂದು ಅವರಿಂದಲೇ ಹೇಳಿಸಿ. ಜನ ಅವರ ಮಾತು ಕೇಳುತ್ತಾರೆ.

ಹಗ್ಗ ಕಟ್ಟುವುದು, ಕೊಯ್ಯುವುದು, ಬೇವಿನ ಎಲೆ ತಿನ್ನಿಸುವುದು?

ಹಗ್ಗ, ಟವೆಲ್ ಬಿಗಿಯಾಗಿ ಕಟ್ಟಬೇಡಿ. ರಕ್ತ ಓಡಾಟ ನಿಂತು ಕೈಕಾಲು ಕಳೆದುಕೊಂಡವರಿದ್ದಾರೆ. ನಾಗರಹಾವು, ಮಂಡಲದ ಹಾವಿನ ವಿಷ ಅಲ್ಲೇ ಮಡುಗಟ್ಟಿ ಮಾಂಸವನ್ನು ಹೆಚ್ಚು ಹಾಳು ಮಾಡುತ್ತದೆ. ಯಾರಾದರೂ ಆಗಲೇ ಕಟ್ಟಿಬಿಟ್ಟಿದ್ದರೆ ದಾರಿಯಲ್ಲಿ ತಟ್ಟನೆ ಬಿಚ್ಚಬೇಡಿ, ವಿಷ ಒಮ್ಮೆಲೇ ಏರಬಹುದು. ಬೇಗ ಆಸ್ಪತ್ರೆ ತಲುಪಿ, ವೈದ್ಯರೇ ಬಿಚ್ಚಲಿ.

ಬ್ಲೇಡಿನಿಂದ ಕೊಯ್ಯಬೇಡಿ. ಮಂಡಲದ ಹಾವು ಕಚ್ಚಿದ್ದರೆ ರಕ್ತ ಹೆಪ್ಪುಗಟ್ಟುವುದಿಲ್ಲ, ನೀವು ಮಾಡಿದ ಗಾಯದಿಂದಲೇ ರಕ್ತ ಹರಿಯುತ್ತಲೇ ಇರುತ್ತದೆ. ಬಾಯಿಂದ ಹೀರುವುದು ಸಿನಿಮಾದ ಮಾತು. ಮಾಂಸದೊಳಕ್ಕೆ ಹೋದ ವಿಷ ಹಾಗೆ ಹೊರಗೆ ಬರುವುದಿಲ್ಲ.

ಬೇವಿನ ಎಲೆ ಕಹಿ ಅನ್ನಿಸಿದರೆ, ಮೆಣಸಿನಕಾಯಿ ಖಾರ ಅನ್ನಿಸಿದರೆ ವಿಷ ಏರಿಲ್ಲ ಎಂಬ ಪರೀಕ್ಷೆಯನ್ನೂ ನಂಬಬೇಡಿ. ವಿಷ ಏರಿದವರಿಗೂ ಬೇವು ಕಹಿಯೇ. ಎರಡು ಹಲ್ಲಿನ ಗುರುತಿದ್ದರೆ ಮಾತ್ರ ವಿಷದ ಹಾವು ಎಂಬುದೂ ಭರವಸೆಯ ಮಾತಲ್ಲ. ಒಂದೇ ಗುರುತು ಇರಬಹುದು, ಗೀರು ಇರಬಹುದು, ಏನೂ ಕಾಣದಿರಬಹುದು. ಗಾಯಕ್ಕೆ ಹಾವಿನ ಕಲ್ಲು ಅಂಟಿಸುವುದು, ಕೋಳಿ ಹಿಡಿಯುವುದು ಇವೆಲ್ಲ ಸಮಯ ಹಾಳು.

ಕೈಕಾಲಿಗೆ ಉದ್ದಕ್ಕೂ ಬಿಗಿಯಾಗಿ ಬ್ಯಾಂಡೇಜ್ ಸುತ್ತುವ ಆಸ್ಟ್ರೇಲಿಯಾದ ವಿಡಿಯೊಗಳೂ ಹರಿದಾಡುತ್ತವೆ. ಅಲ್ಲಿನ ಹಾವುಗಳೇ ಬೇರೆ. ನಮ್ಮ ಮಂಡಲದ ಹಾವಿನ ಕಡಿತಕ್ಕೆ ಅದು ಒಳ್ಳೆಯದಲ್ಲ.

ಹಾಗಾದರೆ ಏನು ಮಾಡಬೇಕು?

1. ಹಾವಿನಿಂದ ದೂರ ಸರಿಯಿರಿ. ಹಿಡಿಯಲು, ಹೊಡೆಯಲು ಹೋಗಬೇಡಿ. ದೂರದಿಂದ ಫೋಟೊ ಸಿಕ್ಕರೆ ಸರಿ, ಸಿಗದಿದ್ದರೂ ಪರವಾಗಿಲ್ಲ.

2. ರೋಗಿಯನ್ನು ಕೂರಿಸಿ ಅಥವಾ ಮಲಗಿಸಿ ಧೈರ್ಯ ಹೇಳಿ. ನಡೆಸಬೇಡಿ, ಓಡಿಸಬೇಡಿ. ಓಡಿದಷ್ಟೂ ವಿಷ ಬೇಗ ಹರಡುತ್ತದೆ.

3. ಉಂಗುರ, ಬಳೆ, ವಾಚು, ಕಾಲುಂಗುರ, ಬಿಗಿ ಬಟ್ಟೆ ತೆಗೆಯಿರಿ. ಊದಿಕೊಂಡ ಮೇಲೆ ತೆಗೆಯಲು ಆಗುವುದಿಲ್ಲ.

4. ಮೂಳೆ ಮುರಿದಾಗ ಮಾಡುವಂತೆ ಕಚ್ಚಿದ ಕೈ ಅಥವಾ ಕಾಲಿಗೆ ಕೋಲು, ರಟ್ಟು ಇಟ್ಟು ಅಲುಗಾಡದಂತೆ ಸಡಿಲವಾಗಿ ಕಟ್ಟಿ.

5. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವುದು ತಡವಾಗುವಂತಿದ್ದರೆ ಸಿಕ್ಕ ಗಾಡಿಯಲ್ಲಿ ಹೊರಡಿ. ಬೈಕ್ ಮಾತ್ರ ಇದ್ದರೆ ಇಬ್ಬರ ನಡುವೆ ರೋಗಿಯನ್ನು ಕೂರಿಸಿಕೊಂಡು ಹೋಗಿ.

6. ಹೊರಡುವಾಗಲೇ ಆಸ್ಪತ್ರೆಗೆ ಫೋನ್ ಮಾಡಿ ಆಂಟಿವೆನಮ್ ಇದೆಯೇ ಎಂದು ಕೇಳಿಕೊಳ್ಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದನ್ನು ಉಚಿತವಾಗಿ ಕೊಡುತ್ತಾರೆ.

7. ಕಚ್ಚಿದ ಸಮಯ, ಮೊದಲು ಕಂಡ ಲಕ್ಷಣ ನೆನಪಿಟ್ಟುಕೊಂಡು ವೈದ್ಯರಿಗೆ ಹೇಳಿ.

8. ಏನೂ ಆಗಿಲ್ಲ ಅನ್ನಿಸಿದರೂ 24 ಗಂಟೆ ಆಸ್ಪತ್ರೆಯಲ್ಲಿ ಇರಿ. ವಿಷದ ಲಕ್ಷಣ ಎಷ್ಟೋ ಗಂಟೆ ತಡವಾಗಿ ಕಾಣಿಸಬಹುದು.

ಕಚ್ಚದಂತೆ ನೋಡಿಕೊಳ್ಳುವುದು ಇನ್ನೂ ಸುಲಭ. ಕತ್ತಲಲ್ಲಿ ಹೊರಗೆ ಹೋಗುವಾಗ ಟಾರ್ಚ್ ಹಿಡಿಯಿರಿ, ಕಾಲಿಗೆ ಬೂಟು ಹಾಕಿ. ಸೌದೆ, ಹುಲ್ಲು, ಬೆರಣಿ ರಾಶಿಗೆ ನೇರವಾಗಿ ಕೈ ಹಾಕಬೇಡಿ, ಮೊದಲು ಕೋಲಿನಿಂದ ಕೆದಕಿ. ಅಂಗಳದಲ್ಲಿ ಕಾಳು, ಕಸ ಬಿದ್ದರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಆದಷ್ಟು ಮಂಚದ ಮೇಲೆ ಮಲಗಿ. ನೆಲದ ಮೇಲೆ ಮಲಗುವವರು ಸೊಳ್ಳೆಪರದೆ ಕಟ್ಟಿ, ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿಕೊಳ್ಳಿ. ಕಟ್ಟುಹಾವಿನಿಂದ ಕಾಪಾಡುವ ಅಗ್ಗದ ಉಪಾಯ ಅದು.

ಕೊನೆಗೆ ಒಂದು ಕೆಲಸ. ಈಗಲೇ ನಿಮ್ಮ ಊರಿಗೆ ಹತ್ತಿರದ, ಆಂಟಿವೆನಮ್ ಇರುವ ಆಸ್ಪತ್ರೆ ಯಾವುದು ಎಂದು ಕೇಳಿ ತಿಳಿದುಕೊಂಡು, ಅದರ ನಂಬರನ್ನು ಮನೆಯವರ ಫೋನಿನಲ್ಲಿ ಸೇವ್ ಮಾಡಿಸಿ. ಹನಿ ಔಷಧಿಯ ಮೆಸೇಜ್ ಮತ್ತೆ ಗ್ರೂಪಿಗೆ ಬಂದಾಗ ಕಳಿಸಿದವರನ್ನು ಹಂಗಿಸಬೇಡಿ. ಆ ಆಸ್ಪತ್ರೆಯ ಹೆಸರು, ನಂಬರ್ ಜೊತೆಗೆ ಮೇಲಿನ ಎಂಟು ಅಂಶಗಳನ್ನು ಅಲ್ಲೇ ಹಾಕಿ.